ಮೂಕಜೀವಿಗಳ ಬಂಧು ಕ್ರಿಸ್ಟಲ್ ರೋಜರ್ಸ್

1959ರಲ್ಲಿ ನ್ಯೂಜಿಲೆಂಡಿಗೆ ಹೊರಟಿದ್ದ ಆಂಗ್ಲ ಮಹಿಳೆಯೊಬ್ಬರು ಮಾರ್ಗಮಧ್ಯದಲ್ಲಿ ದಿಲ್ಲಿಗೆ ಬಂದರು. ಅಲ್ಲಿ ರಸ್ತೆಯ ಬದಿಯಲ್ಲಿ ತೀವ್ರವಾಗಿ ಗಾಯಗೊಂಡ ಕುದುರೆಯೊಂದು ಬಿದ್ದಿತ್ತು. ಪ್ರಾಣ ಇನ್ನೂ ಹೋಗಿರಲಿಲ್ಲ. ಆದರೆ ಕಾಗೆಗಳು ಆಗಲೇ ಅದರ ಕಣ್ಣುಗಳನ್ನು ಕುಕ್ಕಿದ್ದವು. ಆ ದಾರುಣ ದೃಶ್ಯ ಅವರ ಪ್ರಯಾಣವನ್ನೇ ನಿಲ್ಲಿಸಿತು. ನ್ಯೂಜಿಲೆಂಡಿನ ಯೋಚನೆಯನ್ನು ತೊರೆದು ಭಾರತದಲ್ಲಿಯೇ ನೆಲೆಸಿದ ಆ ಮಹಿಳೆಯೇ ಕ್ರಿಸ್ಟಲ್ ರೋಜರ್ಸ್.

1906ರಲ್ಲಿ ಜನಿಸಿದ ಅವರಿಗೆ ಆಗ ಐವತ್ತು ದಾಟಿತ್ತು. ಅನೇಕರು ವಿಶ್ರಾಂತಿಯನ್ನು ಬಯಸುವ ವಯಸ್ಸಿನಲ್ಲಿ, ಪರಿಚಯವಿಲ್ಲದ ನಾಡಿನಲ್ಲಿ ಅವರು ಹೊಸ ಬಾಳನ್ನು ಆರಂಭಿಸಿದರು. ದಿಲ್ಲಿಯಲ್ಲಿ ‘ಆ್ಯನಿಮಲ್ಸ್ ಫ್ರೆಂಡ್’ ಎಂಬ ಸಂಸ್ಥೆಯನ್ನು ಕಟ್ಟಿ, ಬೀದಿಯ ನಾಯಿ, ಬೆಕ್ಕು, ಕತ್ತೆ, ಕುದುರೆಗಳಿಗೆ ಆಶ್ರಯವಿತ್ತರು. ಅದು ನಮ್ಮ ದೇಶದಲ್ಲಿ ಪ್ರಾಣಿದಯೆಯ ಕಾರ್ಯ ಹೊಸ ರೂಪವನ್ನು ಪಡೆಯುತ್ತಿದ್ದ ಕಾಲ. 1959ರಲ್ಲಿಯೇ ಮದರಾಸಿನಲ್ಲಿ ‘ಬ್ಲೂ ಕ್ರಾಸ್’ ಸ್ಥಾಪನೆಯಾಯಿತು. ನೃತ್ಯ ಕಲಾವಿದೆ ರುಕ್ಮಿಣೀದೇವಿ ಅರುಂಡೇಲ್ ಅವರು ರಾಜ್ಯಸಭೆಯಲ್ಲಿ ಕೈಗೊಂಡ ಪ್ರಯತ್ನದ ಫಲವಾಗಿ 1960ರಲ್ಲಿ ಪ್ರಾಣಿಹಿಂಸೆಯನ್ನು ತಡೆಯುವ ಕಾನೂನು ಜಾರಿಗೆ ಬಂದಿತು.

ಕಾನೂನು ಬಂದ ಮಾತ್ರಕ್ಕೆ ಬೀದಿಯ ಸ್ಥಿತಿ ಬದಲಾಗಲಿಲ್ಲ. ಹುಚ್ಚುನಾಯಿ ರೋಗದ ಲಕ್ಷಣಗಳು ಒಮ್ಮೆ ತಲೆದೋರಿದರೆ ರೋಗಿ ಬದುಕುವುದು ಅತಿ ವಿರಳ. ಆದುದರಿಂದ ಜನರ ಭಯ ನಿಷ್ಕಾರಣವಾದುದೆಂದು ಹೇಳುವಂತಿಲ್ಲ. ಆ ಭಯದಿಂದಲೇ ಹಲವು ನಗರಗಳಲ್ಲಿ ಬೀದಿನಾಯಿಗಳನ್ನು ವಿಷವಿಕ್ಕಿ ಅಥವಾ ವಿದ್ಯುತ್ ಹಾಯಿಸಿ ಕೊಲ್ಲಲಾಗುತ್ತಿತ್ತು. ಹಾಗೆ ಕೊಂದರೂ ಸಂಖ್ಯೆ ತಗ್ಗುತ್ತಿರಲಿಲ್ಲ. ತೆರವಾದ ಜಾಗಕ್ಕೆ ಬೇರೆ ನಾಯಿಗಳು ಬಂದು ಸೇರುತ್ತಿದ್ದವು.

ಪ್ರಾಣಿಗಳ ಆಶ್ರಯಧಾಮವನ್ನು ನಡೆಸುವವರಿಗೆ ಇನ್ನೊಂದು ಧರ್ಮಸಂಕಟವೂ ಎದುರಾಗುತ್ತದೆ. ಗುಣವಾಗುವ ಆಸೆಯೇ ಇಲ್ಲದೆ ನರಳುವ ಪ್ರಾಣಿಯನ್ನು ಏನು ಮಾಡಬೇಕು? ಅದರ ಯಾತನೆಯನ್ನು ಕೊನೆಗಾಣಿಸುವುದೇ ದಯೆ ಎಂದು ಕೆಲವರು ಭಾವಿಸುತ್ತಾರೆ. ಯಾವ ಕಾರಣಕ್ಕೂ ಜೀವ ತೆಗೆಯಲಾಗದು ಎಂಬುದು ನಮ್ಮ ಪಾಂಜರಪೋಳಗಳ ಸಂಪ್ರದಾಯ. 1928ರಲ್ಲಿ ಸಾಬರಮತಿ ಆಶ್ರಮದಲ್ಲಿ ನರಳುತ್ತಿದ್ದ ಕರುವೊಂದಕ್ಕೆ ಗಾಂಧೀಜಿಯವರು ಚುಚ್ಚುಮದ್ದಿನಿಂದ ಮರಣವನ್ನು ಕೊಡಿಸಿದಾಗ ಅಹಿಂಸೆಯ ಆ ಮಹಾತ್ಮರೂ ಕಟುಟೀಕೆಗೆ ಗುರಿಯಾದರು. ಅಂಥ ನಾಡಿನಲ್ಲಿ, ಅದೂ ಹೊರಗಿನಿಂದ ಬಂದ ಒಬ್ಬ ಹೆಂಗಸು, ಈ ಕೆಲಸಕ್ಕೆ ಕೈಹಾಕಿದುದು ಸಾಹಸವೇ ಸರಿ.

1980ರಲ್ಲಿ ರೋಜರ್ಸ್ ಅವರು ಜಯಪುರದಲ್ಲಿ ‘ಹೆಲ್ಪ್ ಇನ್ ಸಫರಿಂಗ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಅದು ಬೇರೂರಿದ ಮೇಲೆ ಅದರ ಹೊಣೆಯನ್ನು ಇತರರಿಗೆ ವಹಿಸಿ ದಕ್ಷಿಣಕ್ಕೆ ಬಂದರು. 1991ರಲ್ಲಿ, ಎಂಬತ್ತೈದರ ಇಳಿವಯಸ್ಸಿನಲ್ಲಿ, ಬೆಂಗಳೂರಿನಲ್ಲಿ ‘ಕಂಪ್ಯಾಷನ್ ಅನ್‌ಲಿಮಿಟೆಡ್ ಪ್ಲಸ್ ಆ್ಯಕ್ಷನ್’ ಎಂಬ ಸಂಸ್ಥೆಗೆ ಅಡಿಗಲ್ಲು ಹಾಕಿದರು. ಜನರು ಅದನ್ನು ‘ಕ್ಯೂಪಾ’ ಎಂದು ಕರೆಯುತ್ತಾರೆ. ಎಲ್ಲೆಯಿಲ್ಲದ ಕರುಣೆ, ಅದರೊಡನೆ ಕ್ರಿಯೆ ಎಂಬುದು ಆ ಹೆಸರಿನ ಅರ್ಥ. ಬರಿಯ ಕನಿಕರದಿಂದ ನಾಯಿಯ ಗಾಯ ಮಾಯುವುದಿಲ್ಲವಷ್ಟೆ! ಹೆಬ್ಬಾಳದ ಪಶುವೈದ್ಯ ಕಾಲೇಜಿನ ಆವರಣದಲ್ಲಿ ಈ ಸಂಸ್ಥೆಯ ಆಶ್ರಯಧಾಮ ನಡೆಯಿತು.

ಇಂಥ ಸಂಸ್ಥೆಗಳ ನಿಜವಾದ ಬಲ ಸ್ವಯಂಸೇವಕರು. ಕಲಬುರಗಿಯ ರೋಜಾ ಪ್ರದೇಶದ ಓಣಿಯಾಗಲಿ, ಬೆಂಗಳೂರಿನ ಹೆದ್ದಾರಿಯಾಗಲಿ, ತಾಯಿಯಿಂದ ಅಗಲಿದ ಮರಿಯ ಪಾಡು ಒಂದೇ. ಲಸಿಕೆಯಾಗದ ಎಳೆಯ ಮರಿಗಳು ಕಿಕ್ಕಿರಿದ ಆಶ್ರಯಧಾಮದಲ್ಲಿ ಪಾರ್ವೊ, ಡಿಸ್ಟೆಂಪರ್ ಮೊದಲಾದ ಸೋಂಕುಗಳಿಗೆ ಸುಲಭವಾಗಿ ತುತ್ತಾಗುತ್ತವೆ. ಆದುದರಿಂದ ಸ್ವಯಂಸೇವಕರು ಅವುಗಳನ್ನು ತಮ್ಮ ಮನೆಗೇ ಒಯ್ಯುತ್ತಾರೆ. ಕಣ್ಣು ತೆರೆಯದ ಮರಿಗೆ ರಾತ್ರಿಯೂ ಕೆಲವು ಗಂಟೆಗಳಿಗೊಮ್ಮೆ ಹಾಲುಣಿಸಬೇಕು, ಮೈಯನ್ನು ಬೆಚ್ಚಗಿರಿಸಬೇಕು. ಮರಿ ಬಲಿತು ಲಸಿಕೆ ಪಡೆದ ಮೇಲೆ ಅದನ್ನು ಸಾಕಲು ಒಪ್ಪಿದ ಕುಟುಂಬಕ್ಕೆ ಒಪ್ಪಿಸುತ್ತಾರೆ. ಎತ್ತಿ ಆಡಿಸಿದ ಮರಿಯನ್ನು ಹೀಗೆ ಬಿಟ್ಟುಕೊಡುವುದು ಈ ಸೇವೆಯ ಕಷ್ಟದ ಭಾಗ. ಬಿಟ್ಟುಕೊಡದಿದ್ದರೆ ಮುಂದಿನ ಮರಿಗೆ ಮನೆಯಲ್ಲಿ ಎಡೆಯಿರುವುದಿಲ್ಲ.

ಕ್ರಿಸ್ಟಲ್ ರೋಜರ್ಸ್ 1996ರಲ್ಲಿ ನಿಧನರಾದರು. ಅವರ ಆತ್ಮಕಥೆ ಅವರ ಮರಣಾನಂತರ ಪ್ರಕಟವಾಯಿತು. 2001ರಲ್ಲಿ ಕೇಂದ್ರ ಸರಕಾರವು ಬೀದಿನಾಯಿಗಳಿಗೆ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿ, ಹುಚ್ಚುನಾಯಿ ರೋಗದ ಲಸಿಕೆಯಿತ್ತು, ಅವುಗಳನ್ನು ಹಿಡಿದ ಸ್ಥಳದಲ್ಲಿಯೇ ಮರಳಿ ಬಿಡುವ ನಿಯಮಗಳನ್ನು ರೂಪಿಸಿತು. ಜಯಪುರದಲ್ಲಿ ಅವರು ಕಟ್ಟಿದ ಸಂಸ್ಥೆಯು ಈ ಕಾರ್ಯವನ್ನು ಅದಕ್ಕೂ ಮೊದಲೇ ಕೈಗೊಂಡಿತ್ತು.