ಕತ್ತೆಯೊಡನೆ ನಡೆದ ಸೈನಿಕ

ಶತ್ರುವನ್ನು ಕೊಂದವನಿಗೆ ವೀರನೆಂಬ ಹೆಸರು ಬರುವುದು ಲೋಕರೂಢಿ. ಆದರೆ ಮೊದಲನೆಯ ಮಹಾಯುದ್ಧದ ಮಾತು ಬಂದಾಗ ಆಸ್ಟ್ರೇಲಿಯದ ಜನರ ಕಣ್ಣ ಮುಂದೆ ನಿಲ್ಲುವ ಒಬ್ಬ ವೀರನ ಕೈಯಲ್ಲಿ ಬಂದೂಕಿಲ್ಲ, ಕತ್ತೆಯ ಹಗ್ಗವಿದೆ.

ಜಾನ್ ಸಿಂಪ್ಸನ್ ಕರ್ಕ್‌ಪ್ಯಾಟ್ರಿಕ್ 1892ರಲ್ಲಿ ಇಂಗ್ಲೆಂಡಿನ ಸೌತ್ ಷೀಲ್ಡ್ಸ್ ಎಂಬ ಬಂದರಿನಲ್ಲಿ ಹುಟ್ಟಿದನು. ಬೇಸಿಗೆಯಲ್ಲಿ ಕಡಲದಂಡೆಗೆ ವಿಹಾರಕ್ಕೆ ಬರುವ ಮಕ್ಕಳನ್ನು ಕತ್ತೆಗಳ ಮೇಲೆ ಕೂರಿಸಿ ಸುತ್ತಾಡಿಸುವುದು ಬಾಲ್ಯದಲ್ಲಿ ಆತನ ದುಡಿಮೆ. 1909ರಲ್ಲಿ ತಂದೆ ತೀರಿಕೊಂಡ ಬಳಿಕ ಹಡಗು ಸೇರಿದನು. ಮರುವರ್ಷ ಆಸ್ಟ್ರೇಲಿಯದಲ್ಲಿ ಹಡಗು ಬಿಟ್ಟು ಓಡಿ, ಕಬ್ಬು ಕಡಿದನು, ಕಲ್ಲಿದ್ದಲ ಗಣಿಗಿಳಿದನು, ಹಡಗಿನ ಒಲೆಗೆ ಇದ್ದಲು ತುಂಬಿದನು. ಎಲ್ಲಿದ್ದರೂ ತಾಯಿಗೆ ಹಣ ಕಳುಹಿಸುವುದನ್ನು ಮರೆಯಲಿಲ್ಲ.

1914ರ ಆಗಸ್ಟಿನಲ್ಲಿ ಆತನು ಸೈನ್ಯಕ್ಕೆ ಸೇರಿದನು. ಹಡಗಿನಿಂದ ಓಡಿಬಂದವನಾದ್ದರಿಂದಲೋ ಏನೋ, ಮನೆತನದ ಹೆಸರನ್ನು ಬಿಟ್ಟು ಬರಿಯ ಸಿಂಪ್ಸನ್ ಎಂದು ಬರೆಸಿದನು. ಸೈನ್ಯದ ಹಡಗು ಇಂಗ್ಲೆಂಡಿಗೆ ಹೋಗುವುದು, ತಾಯಿಯನ್ನು ಕಾಣಬಹುದು ಎಂಬುದೇ ಅವನ ದೊಡ್ಡ ಆಸೆ. ಇದನ್ನು ಮುಚ್ಚಿಡಬೇಕಾದ ಕಾರಣವಿಲ್ಲ. ಮನೆಯ ಹಂಬಲ ವೀರನಿಗೆ ಕಲಂಕವಲ್ಲ. ಹಡಗು ಮಾತ್ರ ಈಜಿಪ್ಟಿನಲ್ಲಿಯೇ ನಿಂತಿತು.

1915ರ ಏಪ್ರಿಲ್ 25ರ ಮುಂಜಾನೆ ಆಸ್ಟ್ರೇಲಿಯ, ನ್ಯೂಜೀಲೆಂಡುಗಳ ದಳಗಳು ತುರ್ಕಿಯ ಗಲ್ಲಿಪೊಲಿಯ ದಂಡೆಯಲ್ಲಿ ಇಳಿಯತೊಡಗಿದವು. ಕಿರಿದಾದ ಮರಳು, ಅದರ ಬೆನ್ನಿಗೇ ಕಡಿದಾದ ಗುಡ್ಡ, ಗುಡ್ಡದ ಮೇಲೆ ತುರ್ಕಿಯ ಗುಂಡು. ಸಿಂಪ್ಸನ್ ವೈದ್ಯದಳದಲ್ಲಿ ಗಾಯಾಳುಗಳನ್ನು ಹೊರುವವನು. ಕಾಲಿಗೆ ಪೆಟ್ಟು ಬಿದ್ದವನನ್ನು ಒಬ್ಬನೇ ಸಾಗಿಸಲು ಕತ್ತೆ ಸಾಕೆಂದು ಆತನಿಗೆ ಹೊಳೆಯಿತು. ಬಾಲ್ಯದ ಕಸುಬು ಕೈಬಿಡಲಿಲ್ಲ. ಮೇಲೆ ಹೋಗುವಾಗ ನೀರು, ಕೆಳಗೆ ಬರುವಾಗ ಗಾಯಾಳು. ಹೊಂಚಿ ಹೊಡೆಯುವವರ ಗುರಿಯಲ್ಲಿದ್ದ ಕಣಿವೆಯಲ್ಲಿ ಹೀಗೆ ಓಡಾಡುವುದು ಅವನ ನಿತ್ಯಕರ್ಮವಾಯಿತು. ತನ್ನ ದಳಕ್ಕೆ ಸರಿಯಾಗಿ ಹಾಜರಾಗದಿದ್ದರೂ ಕೆಲಸ ಕಂಡ ಅಧಿಕಾರಿಗಳು ತಡೆಯಲಿಲ್ಲ.

ಹುಲ್ಲು ದೊರೆಯುವುದೆಂದು ಆತನು ಬಿಡಾರ ಹೂಡಿದ್ದು ಭಾರತೀಯರ ಬಳಿ, ಹೇಸರಗತ್ತೆಗಳ ಮೇಲೆ ಫಿರಂಗಿ ಸಾಗಿಸುತ್ತಿದ್ದ ನಮ್ಮ ಸೈನಿಕರ ಜೊತೆಯಲ್ಲಿ. ಅವರು ಅವನನ್ನು ಬಹಾದ್ದೂರನೆಂದು ಕರೆದರು. ಕನ್ನಡಿಗನಿಗೆ ಅರ್ಥ ಹೇಳಬೇಕಾಗದ ಬಿರುದು ಅದು. ಪ್ರಾಣಿಗಳೊಡನೆ ಗುಂಡಿನ ನಡುವೆ ನಡೆಯುವುದೆಂದರೇನೆಂದು ಬಲ್ಲವರು ಕೊಟ್ಟದ್ದು.

ಮೇ 19ರಂದು ತುರ್ಕಿಯ ಸೈನ್ಯ ಮಹಾದಾಳಿ ನಡೆಸಿತು. ಅಂದು ಬೆಳಿಗ್ಗೆ ಅದೇ ಕಣಿವೆಯಲ್ಲಿ ಸಿಂಪ್ಸನ್ ಗುಂಡಿಗೆ ಬಲಿಯಾದನು. ದಂಡೆಗಿಳಿದು 24 ದಿನಗಳಾಗಿದ್ದವು, ವಯಸ್ಸು 22.

ಮುನ್ನೂರು ಜನರನ್ನು ಉಳಿಸಿದನೆಂಬ ಕಥೆ ಆಮೇಲೆ ಬೆಳೆಯಿತು. 24 ದಿನಗಳಲ್ಲಿ ಅದು ಹೇಗೆ ಸಾಧ್ಯವೆಂದು ಇತಿಹಾಸಕಾರರು ಕೇಳಿದ್ದಾರೆ, ಕೇಳಬೇಕಾದದ್ದೇ. ಜೊತೆಯ ಡೋಲಿ ಹೊರುವವರೂ ಅದೇ ಗುಂಡಿನಲ್ಲಿ ನಡೆದವರು. ಸಿಂಪ್ಸನ್ನನದೆಂದು ಮನೆಮನೆಗೆ ಹರಡಿದ, ಹೊರೇಸ್ ಮೂರ್-ಜೋನ್ಸ್ ಬರೆದ ಚಿತ್ರದಲ್ಲಿರುವವನಂತೂ ಸಿಂಪ್ಸನ್ ಅಲ್ಲ. ಅವನ ಮರಣಾನಂತರ ಅದೇ ಕೆಲಸವನ್ನು ಕೈಗೊಂಡ ನ್ಯೂಜೀಲೆಂಡಿನ ರಿಚರ್ಡ್ ಹೆಂಡರ್ಸನ್ನನ ಛಾಯಾಚಿತ್ರವನ್ನು ನೋಡಿ ಬರೆದದ್ದು ಅದು. ಹೆಂಡರ್ಸನ್ ಮುಂದೆ ಕಣ್ಣು ಕಳೆದುಕೊಂಡು 1958ರವರೆಗೆ ಬದುಕಿದನು.

ಸಿಂಪ್ಸನ್ನನ ಸಮಾಧಿ ಗಲ್ಲಿಪೊಲಿಯಲ್ಲಿ, ಕಡಲಿಗೆ ಹೊಂದಿಕೊಂಡ ಸ್ಮಶಾನದಲ್ಲಿದೆ. ಅವನು ಬಿಟ್ಟುಬಂದ ಕರ್ಕ್‌ಪ್ಯಾಟ್ರಿಕ್ ಎಂಬ ಹೆಸರನ್ನೂ ಅಲ್ಲಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ.