ಯೆಮೆನ್ ಬೆಟ್ಟದಲ್ಲಿ ಮಣ್ಣಾದ ಫೋರ್ಸ್‌ಕೋಲ್

ನಾನು ಮಸ್ಕತ್‌ನಲ್ಲಿ ಎಲೆಕ್ಟ್ರಿಷಿಯನ್, ಊರು ಮೂಡಿಗೆರೆ ಕಡೆ. ಹೋದ ವರ್ಷ ಒಂದು ಶುಕ್ರವಾರ ರೂಮಿನವರೆಲ್ಲ ಸೇರಿ ಬೆಟ್ಟದ ಕಡೆ ವಾದಿಗೆ ಹೋಗಿದ್ವಿ. ವಾಪಸ್ ಬಂದು ನೋಡಿದರೆ ಪ್ಯಾಂಟಿಗೆಲ್ಲ ಯಾವುದೋ ಗಿಡದ ಎಲೆ ಚೂರು. ನಮ್ಮೂರಿನ ಉತ್ತರಾಣಿ ಅಂಟಿಕೊಂಡ ಹಾಗೆ, ಎಷ್ಟು ಕಿತ್ತರೂ ಬಿಡದು. ಹೆಸರು ಹುಡುಕಿದಾಗ ಸಸ್ಯಶಾಸ್ತ್ರದಲ್ಲಿ ಅದು ಫೋರ್ಸ್ಕಾಲಿಯಾ ಟೆನಾಸಿಸ್ಸಿಮಾ ಅಂತ ಗೊತ್ತಾಯಿತು. ಹಿಡಿದದ್ದನ್ನು ಬಿಡದ್ದು ಅಂತ ಅರ್ಥ. ಮೊದಲ ಪದ ಒಬ್ಬ ಮನುಷ್ಯನ ಹೆಸರು. ಅವನೂ ನಮ್ಮ ಹಾಗೆ ಅರಬರ ನಾಡಿಗೆ ಕೆಲಸಕ್ಕೆ ಬಂದವನೇ, ಆದರೆ ವಾಪಸ್ ಹೋಗಲಿಲ್ಲ.

ಪೀಟರ್ ಫೋರ್ಸ್‌ಕೋಲ್ ಹುಟ್ಟಿದ್ದು 1732ರ ಜನವರಿ 11ರಂದು, ಹೆಲ್ಸಿಂಕಿಯಲ್ಲಿ. ಆಗ ಅದು ಸ್ವೀಡನ್‌ಗೆ ಸೇರಿತ್ತು. ತಂದೆ ಚರ್ಚಿನ ಪಾದ್ರಿ. ಉಪ್ಸಾಲಾದಲ್ಲಿ ಓದುವಾಗ ಗಿಡಗಳಿಗೆ ಎರಡು ಪದದ ಹೆಸರಿಡುವ ಪದ್ಧತಿ ತಂದ ಲಿನೇಯಸ್ ಇವನ ಗುರು. ಜೊತೆಗೆ ಪೂರ್ವದ ಭಾಷೆಗಳನ್ನೂ ಕಲಿತ. ಸುಮ್ಮನಿರುವ ಜಾಯಮಾನ ಅಲ್ಲ. 1759ರಲ್ಲಿ ಜನರ ಸ್ವಾತಂತ್ರ್ಯದ ಬಗ್ಗೆ ಒಂದು ಸಣ್ಣ ಪುಸ್ತಕ ಅಚ್ಚು ಹಾಕಿಸಿದ. ಸರ್ಕಾರ ಅದನ್ನು ನಿಷೇಧಿಸಿತು. ಹಂಚಿದ ಪ್ರತಿಗಳನ್ನು ವಾಪಸ್ ತರಿಸುವ ಕೆಲಸ ವಿಶ್ವವಿದ್ಯಾಲಯದ ಮುಖ್ಯಸ್ಥನಾಗಿದ್ದ ಗುರು ಲಿನೇಯಸ್ ತಲೆಗೇ ಬಂತು.

ಅಷ್ಟರಲ್ಲಿ ಡೆನ್ಮಾರ್ಕಿನ ರಾಜ ಐದನೇ ಫ್ರೆಡ್ರಿಕ್ ಅರೇಬಿಯಾಕ್ಕೆ ಒಂದು ತಂಡ ಕಳಿಸಲು ಹೊರಟಿದ್ದ. ಒಟ್ಟು ಆರು ಜನ. ಭಾಷಾ ಪಂಡಿತ ಫಾನ್ ಹಾವೆನ್, ವೈದ್ಯ ಕ್ರಾಮರ್, ಚಿತ್ರ ಬರೆಯುವ ಬೌರೆನ್‌ಫೈಂಡ್, ಸೇವಕ ಬೆರ್ಗ್‌ಗ್ರೆನ್, ನಕ್ಷೆ ಮಾಡುವ ರೈತನ ಮಗ ಕಾರ್ಸ್ಟನ್ ನೀಬುರ್, ಮತ್ತೆ ಗಿಡ, ಪ್ರಾಣಿಗಳಿಗೆ ಫೋರ್ಸ್‌ಕೋಲ್. 1761ರ ಜನವರಿಯಲ್ಲಿ ಕೋಪನ್‌ಹೇಗನ್‌ನಿಂದ ಹಡಗು ಹತ್ತಿದರು. ಈಜಿಪ್ಟಿನಲ್ಲಿ ಒಂದು ವರ್ಷ ಇದ್ದರು. ಗಿಡ ಹುಡುಕಲು ಒಬ್ಬನೇ ಊರಾಚೆ ಹೋದಾಗ ಕಳ್ಳರು ಇವನನ್ನು ದೋಚಿದರು. ಆದರೂ ಹೋಗುವುದು ಬಿಡಲಿಲ್ಲ. ಬಡ ರೈತನ ಬಟ್ಟೆ ಹಾಕಿಕೊಂಡು, ಅರಬಿ ಮಾತಾಡುತ್ತಾ ತಿರುಗಿದ.

1762ರ ಕೊನೆಗೆ ತಂಡ ಯೆಮೆನ್‌ನ ಲುಹಯ್ಯಾ ಬಂದರಿನಲ್ಲಿ ಇಳಿಯಿತು. ಕರಾವಳಿ ಸುಡು ಬಿಸಿಲು, ಅದರ ಹಿಂದೆಯೇ ಎತ್ತರದ ಹಸಿರು ಬೆಟ್ಟ. ಫೋರ್ಸ್‌ಕೋಲ್ ಮತ್ತು ನೀಬುರ್ ಕತ್ತೆ ಏರಿ ಬೆಟ್ಟದ ಹಳ್ಳಿಗಳಿಗೆ ಹೋದರು. ಗಿಡ ಕಿತ್ತು ಒಣಗಿಸಿಟ್ಟರೆ ಕೆಲಸ ಮುಗಿಯಿತು ಅಂತ ಅವನು ಅಂದುಕೊಳ್ಳಲಿಲ್ಲ. ಅಲ್ಲಿನ ಜನ ಇದನ್ನು ಏನಂತಾರೆ, ಯಾವುದಕ್ಕೆ ಬಳಸ್ತಾರೆ ಎಂದು ಕೇಳಿ ಬರೆದುಕೊಂಡ. ಎಳೆ ಎಲೆ ಅಗಿದು ನಿದ್ದೆ ಓಡಿಸುವ ಖಾತ್ ಗಿಡ ಸಸ್ಯಶಾಸ್ತ್ರಕ್ಕೆ ಬಂದದ್ದು ಇವನ ಬರಹದಿಂದ. ಕಾಥಾ ಅನ್ನೋ ಅದರ ಶಾಸ್ತ್ರೀಯ ಹೆಸರೂ ಅರಬರ ಮಾತೇ. ಯೆಮೆನ್ ಜನ ದುಡ್ಡು ಕೊಟ್ಟು ಕೊಳ್ಳುವ ಘಮಘಮ ಕಾದಿ ಹೂವನ್ನೂ ದಾಖಲಿಸಿದ. ಅದು ಬೇರೆ ಏನಲ್ಲ, ನಮ್ಮ ಹೆಣ್ಣುಮಕ್ಕಳು ಜಡೆಗೆ ಮುಡಿಯುವ ಕೇದಗೆ. ಇವತ್ತು ನಮ್ಮ ಮನೆಗಳ ಕುಂಡದಲ್ಲಿ ಬೆಳೆಸುವ, ಬುಡ ಊದಿದ ಅಡೇನಿಯಂ ಗಿಡವನ್ನು ಮೊದಲು ವರ್ಣಿಸಿದವನೂ ಇವನೇ.

1763ರ ಮಾರ್ಚ್‌ನಲ್ಲಿ ಅವರು ಕಾಫಿ ಬೆಟ್ಟ ಹತ್ತಿದರು. ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತೋಟ, ಗಿಡದ ತುಂಬ ಬಿಳಿ ಹೂವು. ಇದನ್ನು ಓದುವಾಗ ನನಗೆ ಊರೇ ಕಣ್ಣಿಗೆ ಬಂತು. ಹೂ ಮಳೆ ಬಿದ್ದ ಮೇಲೆ ನಮ್ಮಲ್ಲೂ ತೋಟ ಹಾಗೇ ಬೆಳ್ಳಗಾಗುತ್ತೆ. ಬಾಬಾಬುಡನ್ ಏಳು ಬೀಜ ತಂದರು ಅನ್ನೋ ಕಥೆ ಎಲ್ಲರಿಗೂ ಗೊತ್ತಿದೆ, ಆ ಬೀಜ ಬಂದ ನಾಡು ಇದೇ. ನಾವು ಬೀಜ ಹುರಿದು ಕಾಫಿ ಮಾಡ್ತೀವಿ. ಯೆಮೆನ್‌ನವರು ಒಣಗಿದ ಸಿಪ್ಪೆಯನ್ನೂ ಕುದಿಸಿ ಕಿಶ್ರ್ ಅಂತ ಕುಡಿಯುತ್ತಾರೆ.

ಗುರು ಲಿನೇಯಸ್‌ಗೆ ಬಹಳ ವರ್ಷದಿಂದ ಒಂದು ಆಸೆ ಇತ್ತು. ಹಳೇ ಕಾಲದಿಂದ ಹೆಸರಾಗಿದ್ದ ಮೆಕ್ಕಾ ಬಾಲ್ಸಂ ಎಂಬ ಸುಗಂಧದ ಅಂಟು ಯಾವ ಗಿಡದ್ದು ಅಂತ ತಿಳಿಯಬೇಕಿತ್ತು. ಫೋರ್ಸ್‌ಕೋಲ್‌ಗೆ ಬೆಟ್ಟದ ದಾರಿಯಲ್ಲಿ ಆ ಗಿಡ ಹೂ ಬಿಟ್ಟಿದ್ದು ಸಿಕ್ಕಿತು. 1763ರ ಜೂನ್‌ನಲ್ಲಿ ಗುರುವಿಗೆ ಕಾಗದ ಬರೆದು ತಿಳಿಸಿದ. ಅದಾದ ಮೇಲೆ ಬದುಕಿದ್ದು ಒಂದೇ ತಿಂಗಳು.

ಜ್ವರ ಆಗಲೇ ತಂಡಕ್ಕೆ ಹತ್ತಿತ್ತು. ಮೇ ತಿಂಗಳಲ್ಲಿ ಮೋಖಾದಲ್ಲಿ ಫಾನ್ ಹಾವೆನ್ ತೀರಿಕೊಂಡ. ಜುಲೈ 11ರಂದು ಬೆಟ್ಟದ ಮೇಲಿನ ಯರೀಮ್ ಊರಿನಲ್ಲಿ ಫೋರ್ಸ್‌ಕೋಲ್ ಕಣ್ಣು ಮುಚ್ಚಿದ. ಅದು ಮಲೇರಿಯಾ. ವಯಸ್ಸು 31. ಹೆಣ ಹೊರಲು ಜನ ಸಿಗದೆ ನೀಬುರ್ ಹೆಚ್ಚು ಕೂಲಿ ಕೊಟ್ಟು ರಾತ್ರಿ ಹೊತ್ತಿನಲ್ಲಿ ಮಣ್ಣು ಮಾಡಿಸಿದ. ಆಮೇಲೆ ಮುಂಬೈಗೆ ಹೋಗುವ ಹಡಗಿನಲ್ಲಿ ಬೌರೆನ್‌ಫೈಂಡ್, ಬೆರ್ಗ್‌ಗ್ರೆನ್ ಇಬ್ಬರೂ ಹೋದರು, ಮುಂಬೈಯಲ್ಲಿ ಕ್ರಾಮರ್. 1767ರಲ್ಲಿ ವಾಪಸ್ ಮುಟ್ಟಿದ್ದು ನೀಬುರ್ ಒಬ್ಬನೇ.

ನೀಬುರ್ ಸಸ್ಯಶಾಸ್ತ್ರಜ್ಞ ಅಲ್ಲ. ಆದರೂ ಗೆಳೆಯನ ಚೀಟಿಗಳನ್ನು, ಟಿಪ್ಪಣಿಗಳನ್ನು ಜೋಡಿಸಿ 1775ರಲ್ಲಿ ಈಜಿಪ್ಟ್ ಮತ್ತು ಅರೇಬಿಯಾದ ಗಿಡಗಳ ಪುಸ್ತಕವಾಗಿ ಅಚ್ಚು ಹಾಕಿಸಿದ. ಗಿಡಗಳ ಅರಬಿ ಹೆಸರುಗಳೂ ಅದರಲ್ಲಿ ಉಳಿದವು. ನಮ್ಮ ಕೆಲಸದಲ್ಲೂ ಇದು ಹೀಗೇ. ಒಬ್ಬ ಅರ್ಧ ವೈರಿಂಗ್ ಮಾಡಿ ಹೋಗಿರ್ತಾನೆ. ಡಿಬಿಯಲ್ಲಿ ಲೇಬಲ್ ಸರಿಯಾಗಿ ಹಾಕಿದ್ದರೆ ಮುಂದಿನವನು ಮುಗಿಸಬಹುದು. ಲೇಬಲ್ ಇಲ್ಲದಿದ್ದರೆ ಎಲ್ಲಾ ಮೊದಲಿಂದ. ಫೋರ್ಸ್‌ಕೋಲ್ ಲೇಬಲ್ ಹಾಕಿ ಹೋಗಿದ್ದ.

ನೀಬುರ್ ಊರು ಮುಟ್ಟುವ ಮೊದಲೇ, 1764ರಲ್ಲಿ ಲಿನೇಯಸ್ ಆ ಅಂಟುವ ಗಿಡಕ್ಕೆ ಶಿಷ್ಯನ ಹೆಸರಿಟ್ಟಿದ್ದ. ನಮ್ಮ ರಾಜ್ಯದಲ್ಲಿ ಔಷಧಿಗೆ ಬೆಳೆಯುವ ಮಾಕಂದಿ ಬೇರು ಇದೆಯಲ್ಲ, ಅದಕ್ಕೂ ಕೋಲಿಯಸ್ ಫೋರ್ಸ್ಕೋಲಿ ಅಂತಲೇ ಹೆಸರು. ಅದರಿಂದ ತೆಗೆಯುವ ಸತ್ವ ಫೋರ್ಸ್ಕೋಲಿನ್.

ನಮ್ಮ ಅಜ್ಜಿಗೆ ತೋಟದ ಬೇಲಿಯ ಒಂದೊಂದು ಗಿಡವೂ ಗೊತ್ತಿತ್ತು. ನೆಗಡಿಗೆ ಲಕ್ಕಿ ಸೊಪ್ಪಿನ ಹಬೆ, ಚಟ್ನಿಗೆ ಒಂದೆಲಗ. ಇಷ್ಟು ಮಾತ್ರ ನನಗೆ ನೆನಪು, ಉಳಿದದ್ದು ಕೇಳಲಿಲ್ಲ. ಅವರು ಹೋದಾಗ ನಾನು ಇಲ್ಲಿದ್ದೆ, ರಜೆ ಸಿಗಲಿಲ್ಲ. ಎಲ್ಲಿಂದಲೋ ಬಂದವನು ಗೊತ್ತಿಲ್ಲದ ಊರಲ್ಲಿ ಜ್ವರ ಬರುವವರೆಗೂ ಕೇಳಿ ಕೇಳಿ ಬರೆದುಕೊಂಡ. ನಾನು ಮನೆಯಲ್ಲೇ ಇದ್ದ ಅಜ್ಜಿಯನ್ನು ಕೇಳಲಿಲ್ಲ. ಈ ಸಲ ರಜೆಗೆ ಹೋದಾಗ ಒಂದು ನೋಟ್‌ಬುಕ್ ಹಿಡಿದು ಅಮ್ಮನ ಜೊತೆ ಬೇಲಿ ಸುತ್ತಬೇಕು ಅಂತಿದ್ದೀನಿ. ನಿಮ್ಮ ಮನೆಯಲ್ಲೂ ಗೊತ್ತಿರುವವರು ಇದ್ದರೆ ಫೋನ್ ಮಾಡಿದಾಗ ಒಂದು ಗಿಡದ ಹೆಸರಾದರೂ ಕೇಳಿ ಬರೆದಿಟ್ಟುಕೊಳ್ಳಿ.