ಜೋಳದ ಚುಕ್ಕೆಗಳನ್ನು ನಂಬಿದ ವಿಜ್ಞಾನಿ

ಕಳೆದ ತಿಂಗಳು ಜೀವಶಾಸ್ತ್ರದ ಲ್ಯಾಬಿನಲ್ಲಿ ಮೆಂಡಲ್ ನಿಯಮ ಪರೀಕ್ಷಿಸಲು ಬಣ್ಣದ ಮಣಿಗಳನ್ನು ಜೋಡಿಯಾಗಿ 64 ಸಲ ತೆಗೆದೆ. ನನಗೆ ಬಂದದ್ದು 43 ಮತ್ತು 21. ಆದರೆ ರೆಕಾರ್ಡಿನಲ್ಲಿ 48 ಮತ್ತು 16 ಎಂದು ಬರೆದೆ. ಪುಸ್ತಕದ ಪ್ರಕಾರ 3:1 ಬರಬೇಕಲ್ಲ! ಅದೇ ವಾರ ಬಾರ್ಬರಾ ಮೆಕ್ಲಿಂಟಾಕ್ ಅವರ ಬಗ್ಗೆ ಓದಿದೆ. ನಾಚಿಕೆಯಾಯಿತು.

ಅವರು ಹುಟ್ಟಿದ್ದು 1902ರ ಜೂನ್ 16ರಂದು, ಅಮೆರಿಕದ ಹಾರ್ಟ್‌ಫರ್ಡ್‌ನಲ್ಲಿ. ಕಾಲೇಜಿಗೆ ಹೋದರೆ ಮಗಳಿಗೆ ಮದುವೆ ಕಷ್ಟವಾದೀತೆಂದು ತಾಯಿ ಹೆದರಿದರು. ತಂದೆ ಓದಿಸಲು ಒಪ್ಪಿದರು. 1927ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದಿಂದ ಸಸ್ಯಶಾಸ್ತ್ರದಲ್ಲಿ ಪಿಎಚ್‌.ಡಿ. ಪಡೆದರು.

ಅವರು ಜೀವನವಿಡೀ ಅಭ್ಯಾಸ ಮಾಡಿದ ಗಿಡ, ನಾನು ಹಳೇಬೀಡಿನಿಂದ ಬರುವಾಗ ಬಸ್ಸಿನ ಕಿಟಕಿಯಲ್ಲಿ ಕಾಣುವ ಮುಸುಕಿನ ಜೋಳವೇ. 1940ರ ದಶಕದಲ್ಲಿ ಕೋಲ್ಡ್ ಸ್ಪ್ರಿಂಗ್ ಹಾರ್ಬರ್ ಪ್ರಯೋಗಾಲಯದಲ್ಲಿ ಕೆಲವು ಕಾಳುಗಳ ಮೇಲೆ ಲೆಕ್ಕಕ್ಕೆ ಸಿಗದ ಚುಕ್ಕೆಗಳು ಕಂಡವು. ಅವರು ಅವನ್ನು ಬದಿಗೆ ತಳ್ಳಲಿಲ್ಲ. ಡಿಎನ್‌ಎಯ ಒಂದು ತುಣುಕು ಹಾರಿ ಬಂದು ಬಣ್ಣದ ಜೀನ್‌ನಲ್ಲಿ ಕೂತರೆ ಬಣ್ಣ ನಿಲ್ಲುತ್ತದೆ. ಕೆಲವು ಕೋಶಗಳಲ್ಲಿ ಅದು ಎದ್ದು ಹೋದರೆ ಅಲ್ಲಿ ಚುಕ್ಕೆ ಮೂಡುತ್ತದೆ ಎಂದು ಕಂಡುಕೊಂಡರು.

1951ರಲ್ಲಿ ಇದನ್ನು ವಿವರಿಸಿದಾಗ ಹೆಚ್ಚಿನವರು ಒಪ್ಪಲಿಲ್ಲ. ಕ್ರಮೇಣ ಅವರು ಈ ವಿಷಯದಲ್ಲಿ ಲೇಖನ ಪ್ರಕಟಿಸುವುದನ್ನು ಕಡಿಮೆ ಮಾಡಿದರು. ಜೋಳ ಬಿತ್ತುವುದನ್ನು ಬಿಡಲಿಲ್ಲ. ಮುಂದೆ ಬ್ಯಾಕ್ಟೀರಿಯಾಗಳಲ್ಲೂ ಇಂಥ ತುಣುಕುಗಳು ಸಿಕ್ಕವು. 1983ರಲ್ಲಿ, 81ನೇ ವಯಸ್ಸಿನಲ್ಲಿ, ಅವರೊಬ್ಬರಿಗೇ ವೈದ್ಯಕೀಯ ನೊಬೆಲ್ ಬಂತು. 1992ರ ಸೆಪ್ಟೆಂಬರ್ 2ರಂದು ತೀರಿಕೊಂಡರು.

2009ರಲ್ಲಿ ಜೋಳದ ಇಡೀ ಜೀನೋಮ್ ಓದಿದಾಗ ಅದರ ಸುಮಾರು 85% ಭಾಗ ಇಂಥ ತುಣುಕುಗಳೇ ಎಂದು ತಿಳಿಯಿತು. ಅವುಗಳಲ್ಲಿ ಹೆಚ್ಚಿನವು ಮೊದಲು ಆರ್‌ಎನ್‌ಎ ಪ್ರತಿಯಾಗಿ, ಅದರಿಂದ ಮತ್ತೆ ಡಿಎನ್‌ಎಯಾಗಿ ಬೇರೆ ಜಾಗದಲ್ಲಿ ಸೇರಿಕೊಳ್ಳುತ್ತವೆ. ಆದ್ದರಿಂದ ಗಿಡದ ಆರ್‌ಎನ್‌ಎಯನ್ನು ಕಂಪ್ಯೂಟರಿನಲ್ಲಿ ಓದುವವರು ಪದೇ ಪದೇ ಬರುವ ಅಕ್ಷರಸಾಲುಗಳನ್ನು ಗುರುತಿಸಬೇಕಾಗುತ್ತದೆ. ಒಂದೇ ಸಾಲು ನೂರಾರು ಜಾಗಗಳಿಗೆ ಹೊಂದಬಹುದು. ಗುರುತಿಸದಿದ್ದರೆ ಯಾವ ಜೀನ್ ಕೆಲಸ ಮಾಡುತ್ತಿದೆ ಎಂಬ ಲೆಕ್ಕವೇ ತಪ್ಪುತ್ತದೆ.

ಮರುದಿನ ಮೇಡಂ ಬಳಿ ಹೋಗಿ ನಿಜ ಹೇಳಿದೆ. ಅವರು ಬೈಯಲಿಲ್ಲ. 64 ಸಲದ ಎಣಿಕೆಯಲ್ಲಿ ಇಷ್ಟು ವ್ಯತ್ಯಾಸ ಬರಬಹುದೆಂದು ತಿಳಿಸಿ, ಆ ಪುಟವನ್ನು ಮತ್ತೆ ಬರೆಸಿದರು. ಈಗ ನನ್ನ ರೆಕಾರ್ಡಿನಲ್ಲಿ 43 ಮತ್ತು 21 ಎಂದೇ ಇದೆ.